ಟಿಣ್ ಎಂದ ಚಾಕು

1994ರಲ್ಲಿ ನಾನು ಏಳನೆಯ ತರಗತಿ ಅರ್ಧಕ್ಕೆ ಬಿಟ್ಟು ಅಪ್ಪನ ಕುಲುಮೆಯ ಮುಂದೆ ಕೂತೆ. ಮಸ್ಕಿಯಲ್ಲಿ, ಸಿಂಧನೂರಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಆ ಕುಲುಮೆ ಇವತ್ತಿಗೂ ಇದೆ. ತುರ್ವಿಹಾಳದ ಕಡೆಯ ಭತ್ತದ ಗದ್ದೆಗಳಿಗೆ ಎಷ್ಟು ಕುಡಗೋಲು ತಟ್ಟಿ ಕೊಟ್ಟಿದ್ದೇನೋ ಲೆಕ್ಕವಿಲ್ಲ. ನಾನು ಹದ ಹಾಕಿದ ಕಬ್ಬಿಣ ಮುರಿದು ವಾಪಸ್ ಬಂದದ್ದಿಲ್ಲ ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ. ಓದಿದವರು ಎದುರಿಗಿದ್ದರೆ ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದೆ.

ಎರಡು ವರ್ಷದ ಹಿಂದೆ ಲಿಂಗಸುಗೂರಿನಿಂದ ಒಬ್ಬರು ಬಂದರು. ಸೈನ್ಯದಲ್ಲಿ ದುಡಿದು ನಿವೃತ್ತರಾದವರು. ನಾವು ಅವರನ್ನು ಮಿಲ್ಟ್ರಿ ಸಾಹೇಬರು ಎನ್ನುತ್ತಿದ್ದೆವು. ಗುಡ್ಡ ಅಲೆಯುವುದು, ಅಲ್ಲೇ ಕಟ್ಟಿಗೆ ಸೀಳಿ ಮೂರು ಕಲ್ಲಿಟ್ಟು ಬೇಯಿಸಿಕೊಂಡು ಉಣ್ಣುವುದು ಅವರ ಹುಚ್ಚು. ಫೋನಿನಲ್ಲಿ ಒಂದು ಚಾಕುವಿನ ಚಿತ್ರ ತೋರಿಸಿದರು.

"ಮಡಚೋದಲ್ಲ ಉಸ್ತಾದ್. ತುದಿಯಿಂದ ಹಿಡಿಕಿ ಮುಗಿಯೋ ತನಕ ಒಂದ ಕಬ್ಬಣ ಇರಬೇಕು. ಫೌಜಿನ್ಯಾಗ ನನ್ನ ಹಂತ್ಯಾಕ ಇಂಥಾದ್ದ ಇತ್ತು. ಹಗ್ಗ ಕೊಯ್ಯಬೇಕು, ಕಟಗಿ ಸೀಳಬೇಕು, ಗಿಡಕ್ಕ ಬಡದು ಅದರ ಮ್ಯಾಲ ಕಾಲಿಟ್ಟು ಏರಬೇಕು. ಆಗತೈತೇನು?"

"ಏರ್ರಿ ಸಾಹೇಬ್ರ. ಬೇಕಾದ್ರ ಮನಿಮಂದಿನೆಲ್ಲ ಏರಸ್ರಿ."

ನನ್ನ ಹೆಂಡತಿ ನಕ್ಕಳು. ನಮ್ಮ ಕಸುಬಿನಲ್ಲಿ ಇಕ್ಕಳ ಗಂಡನದು, ದೊಡ್ಡ ಸುತ್ತಿಗೆ ಹೆಂಡತಿಯದು. ಆ ಸುತ್ತಿಗೆಯನ್ನು ಕಾಲ ಮೇಲೆ ಇಟ್ಟುಕೊಂಡೇ ಹೇಳಿದಳು: "ಇವನ ಬಾಯಿಗೆ ಇದ್ದಲಿ ಖರ್ಚಿಲ್ರಿ ಸಾಹೇಬ್ರ. ತಾನ ಕಾಯತೈತಿ."

ಸಿಂಧನೂರಿನ ಗುಜರಿ ಅಂಗಡಿಯಿಂದ ಲಾರಿಯ ಕಮಾನು ಪಟ್ಟಿಯ ತುಂಡೊಂದು ತಂದೆ. ಎರಡು ದಿನ ಇಬ್ಬರೂ ಬಡಿದೆವು. ಚಾಕು ಚಿತ್ರದಲ್ಲಿದ್ದಂತೆಯೇ ಬಂತು. ತಪ್ಪಾದದ್ದು ನೀರು ಕುಡಿಸುವಾಗ, ಅಂದರೆ ಕಾದ ಅಲಗನ್ನು ನೀರಿಗೆ ಅದ್ದಿ ಗಟ್ಟಿ ಮಾಡುವಾಗ. ಕುಡಗೋಲಿಗೆ ನಾವು ಬಾಯಿಯನ್ನಷ್ಟೇ ನೀರಿಗೆ ತಾಗಿಸುತ್ತೇವೆ, ಬೆನ್ನು ಮೆತ್ತಗೇ ಉಳಿಯಲಿ ಎಂದು. ಇದು ಮಿಲ್ಟ್ರಿ ಚಾಕು, ಬೆನ್ನೂ ಗಟ್ಟಿಯಾಗಲಿ ಎಂದು ಕೆಂಪಗೆ ಕಾದದ್ದನ್ನು ಪೂರಾ ನೀರಿನ ಬಾನಿಯೊಳಗೆ ಮುಳುಗಿಸಿಬಿಟ್ಟೆ. ಬುಸ್ಸೆನ್ನುವ ಸದ್ದಿನ ನಡುವೆ ಸಣ್ಣಗೆ 'ಟಿಣ್' ಎಂದಿತು.

"ಏನೋ ಅಂತಲ್ಲ?" ಎಂದಳು ಹೆಂಡತಿ.

"ಏನಿಲ್ಲ. ಬಾನಿಗೆ ಬಡೀತು."

ಬಾನಿಗೆ ಬಡಿದಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಚಾಕುವನ್ನು ಮತ್ತೆ ಹದವಾಗಿ ಕಾಸಿ, ಆರಿಸಿ, ಅವಳು ನೀರಿಗೆ ಹೋದಾಗ ಅಪ್ಪ ಮಾಡುತ್ತಿದ್ದ ಹಾಗೆ ಪರೀಕ್ಷೆ ಮಾಡಿದೆ. ಸೀಮೆಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ, ಮೇಲೆ ಸುಣ್ಣದ ಪುಡಿ ಹಚ್ಚಿದೆ. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಸುಣ್ಣಕ್ಕೆ ಹತ್ತಿ ಕಾಣುತ್ತದೆ. ಹಿಡಿಕೆಗಿಂತ ಎರಡು ಬೆರಳು ಮುಂದೆ ಕೂದಲೆಳೆಯಷ್ಟು ಒದ್ದೆ ಗೆರೆ ನಿಧಾನವಾಗಿ ಮೂಡಿತು. ಆ ಗೆರೆ ಕಾಣದಂತಾಗುವವರೆಗೆ ಉಜ್ಜಿದೆ, ಹೊಳಪು ಕೊಟ್ಟೆ. ಎರಡನೆಯ ಸಲ ಸುಣ್ಣ ಹಚ್ಚಿ ನೋಡುವ ಧೈರ್ಯ ಬರಲಿಲ್ಲ.

ಸಾಹೇಬರು ಬರುವುದಕ್ಕೆ ಎಂಟು ದಿನವಿತ್ತು. ಆ ಎಂಟು ದಿನ ಲಿಂಗಸುಗೂರಿನ ಬಸ್ಸು ನಿಂತಾಗಲೆಲ್ಲ ಇಳಿಯುವವರು ಯಾರೆಂದು ಎದ್ದು ನೋಡುತ್ತಿದ್ದೆ. ರೊಟ್ಟಿ ಮುರಿಯುವಾಗಲೂ ಅದೇ ಚಿಂತೆ. ಚೂರು ಸಿಡಿದು ಅವರ ಕಣ್ಣಿಗೆ ಬಿದ್ದರೆ? ತೊಡೆಯ ನರ ಕೊಯ್ದರೆ? ಇನ್ನೊಂದು ಮಾಡುತ್ತೇನೆ, ಇದು ಬೇಡ ಎನ್ನಲು ಒಂದು ಫೋನು ಸಾಕಿತ್ತು. ಮಾಡಲಿಲ್ಲ. ನನ್ನ ಕಬ್ಬಿಣ ಕೆಟ್ಟಿತು ಎಂಬ ಮಾತು ನಾಲಿಗೆಗೆ ಬರಲಿಲ್ಲ.

ಅವರು ಮುಂಜಾನೆ ಬಂದರು. ಮೂವರೂ ಗುಡ್ಡದ ಬುಡಕ್ಕೆ ನಡೆದೆವು. ಹಗ್ಗ ಕೊಯ್ದರು, ಒಂದೇ ಎಳೆತಕ್ಕೆ ತುಂಡಾಯಿತು. ಮುಂಗೈ ಕೂದಲು ಬೋಳಿಸಿ ನೋಡಿ, "ವಾಹ್" ಎಂದರು. ಆಮೇಲೆ ಬಳ್ಳಾರಿ ಜಾಲಿಯ ಕೊರಡಿನ ಮೇಲೆ ಅಲಗಿಟ್ಟು, ಅದರ ಬೆನ್ನಿಗೆ ಬಡಿಗೆಯಿಂದ ಹೊಡೆಯತೊಡಗಿದರು. ಒಂದೊಂದು ಏಟೂ ನನ್ನ ಎದೆಯ ಮೇಲೇ ಬೀಳುತ್ತಿತ್ತು. ಅವರು ತಲೆ ಬಗ್ಗಿಸಿದಷ್ಟೂ ಅವರ ಕಣ್ಣು ಅಲಗಿಗೆ ಹತ್ತಿರವಾಗುತ್ತಿತ್ತು. ಕೊರಡು ಸೀಳಿತು. ಚಾಕು ಉಳಿಯಿತು.

"ಯಾಕ್ ಉಸ್ತಾದ್, ಇಷ್ಟು ಬೆವತೀರಿ? ಬಡ್ಯಾಕತ್ತಾವ ನಾನು."

ಹೆಂಡತಿ ನನ್ನತ್ತಲೇ ನೋಡುತ್ತಿದ್ದಳು. "ಹೇಳು," ಎಂದಳು ಮೆಲ್ಲಗೆ. ನಾನು ಸೀಳಿದ ಕಟ್ಟಿಗೆ ಆರಿಸತೊಡಗಿದೆ.

ಸಾಹೇಬರು ಚಾಕುವನ್ನು ಜಾಲಿ ಗಿಡದ ಬೊಡ್ಡೆಗೆ ಮೊಣಕಾಲೆತ್ತರದಲ್ಲಿ ಅರ್ಧದವರೆಗೆ ಬಡಿದು ನಿಲ್ಲಿಸಿದರು. ಟೊಂಗೆ ಹಿಡಿದು ಒಂದು ಕಾಲನ್ನು ಹಿಡಿಕೆಯ ಮೇಲಿಟ್ಟರು. ಇನ್ನೊಂದು ಕಾಲು ಇನ್ನೂ ನೆಲದ ಮೇಲಿತ್ತು. ಆಗ ನನ್ನ ಕೈ ತಾನೇ ಹೋಗಿ ಅವರ ರಟ್ಟೆ ಹಿಡಿಯಿತು.

"ಸರಕೊಳ್ರಿ. ಮೊದ್ಲ ನಾ ಏರತೀನಿ."

"ನನ್ನ ತೂಕಕ್ಕ ಅಂಜಿದ್ರೇನು?"

"ಮಾಡಿದಾವ ನಾನು. ನಾನ ಏರಬೇಕು."

ಆ ಹೊತ್ತಿಗೂ ನಿಜ ಹೇಳಲಿಲ್ಲ, ನೋಡಿ. ಟೊಂಗೆ ಹಿಡಿದು, ಕಣ್ಣು ಮುಚ್ಚಿ, ಮೈಭಾರ ಬಿಟ್ಟೆ. ಒಂದು ಉಸಿರು ನಿಂತೆ. ಮತ್ತೆ ಅದೇ 'ಟಿಣ್', ಈ ಸಲ ದೊಡ್ಡದು. ಕೆಳಗೆ ಬಿದ್ದೆ. ಪ್ಯಾಂಟು ಮೊಣಕಾಲಿನಿಂದ ಕೆಳಗೆ ಹರಿದಿತ್ತು, ಕಣಕಾಲಿನ ಮೇಲೆ ಉದ್ದಕ್ಕೆ ಗೀರು, ರಕ್ತ. ನರಕ್ಕೆ ತಾಗಿರಲಿಲ್ಲ. ಹೆಂಡತಿ ಸೆರಗು ಹರಿದು ಕಟ್ಟಿದಳು.

ಸಾಹೇಬರು ಹಿಡಿಕೆಯ ತುಂಡನ್ನು ಬಿಸಿಲಿಗೆ ಹಿಡಿದರು. ಮುರಿದ ಜಾಗದಲ್ಲಿ ಅರ್ಧ ಸಕ್ಕರೆಯಂತೆ ಹೊಳೆಯುತ್ತಿತ್ತು, ಅರ್ಧ ಕಪ್ಪಗಿತ್ತು.

"ಈ ಕರಿ ಭಾಗ ಇವತ್ತ ಮುರದದ್ದಲ್ಲ."

"ಅಲ್ಲರಿ. ನೀರಾಗ ಅದ್ದಿದಾಗ ಬಿರುಕು ಬಿಟ್ಟದ್ದು. ನನಗ ಗೊತ್ತಿತ್ತು."

"ಗೊತ್ತಿದ್ದೂ ಏರಿದ್ರಿ?"

"ಗೊತ್ತಿದ್ದಕ್ಕ ಏರಿದೆ."

"ಬಾಯಿಬಿಟ್ಟು ಒಂದ ಮಾತು ಅಂದಿದ್ರ ಯಾರೂ ಏರೋದ ಬೇಕಾಗಿದ್ದಿಲ್ಲ," ಎಂದಳು ಹೆಂಡತಿ. ಅವಳು ಅತ್ತದ್ದನ್ನು ಆವತ್ತೇ ಮೊದಲು ನೋಡಿದೆ.

ಸಾಹೇಬರು ಆ ತುಂಡನ್ನು ನನ್ನ ಕೈಗಿಟ್ಟು, "ಇನ್ನೊಂದು ಮಾಡ್ರಿ. ಎಣ್ಣ್ಯಾಗ ಕುಡಸ್ರಿ. ಈ ಸಲ ಏನಾರ ಸಪ್ಪಳಾದ್ರ ನನಗ ಫೋನ್ ಹಚ್ರಿ," ಎಂದರು.

ಎರಡನೆಯದನ್ನು ಎಣ್ಣೆಯಲ್ಲಿ ಅದ್ದಿದೆ; ಎಣ್ಣೆ ನೀರಿನ ಹಾಗೆ ಒಮ್ಮೆಲೇ ತಣಿಸುವುದಿಲ್ಲ. ಸುಣ್ಣ ಹಚ್ಚಿ ನೋಡುವಾಗ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಗೆರೆ ಮೂಡಲಿಲ್ಲ. ಅದೇ ಗಿಡಕ್ಕೆ ಬಡಿದು ಮೊದಲು ನಾನು ಹತ್ತಿದೆ, ಆಮೇಲೆ ಸಾಹೇಬರು. ಚಾಕು ಅವರ ಸೊಂಟದಲ್ಲಿ ಹೋಯಿತು. ಆದರೂ ಲಿಂಗಸುಗೂರಿನಿಂದ ಫೋನು ಬಂದರೆ ಈಗಲೂ ಎತ್ತುವ ಮೊದಲು ಕೈ ಒಂದು ಕ್ಷಣ ತಡೆಯುತ್ತದೆ.

ಈಗ ನನ್ನ ಹತ್ತಿರ ಇರುವುದು: ಒಂದು ಕುಲುಮೆ, ಒಂದು ಅಡಿಗಲ್ಲು, ನಾಲ್ಕು ಇಕ್ಕಳ, ಮೂರು ಸುತ್ತಿಗೆ, ಒಂದು ಬಾನಿ ನೀರು, ಒಂದು ಡಬ್ಬ ಎಣ್ಣೆ, ಕಣಕಾಲಿನ ಮೇಲೆ ಒಂದು ಗಾಯದ ಗುರುತು, ಗೋಡೆಯ ಮೊಳೆಗೆ ತೂಗುಹಾಕಿದ ಚಾಕುವಿನ ಎರಡು ತುಂಡು.