ಬೆರಳು ಪಳಗಿತೆಂದು ಬರೆದಿಟ್ಟ ಸೊನ್ನೆಗಳು

೧೯೭೪ನೇ ಇಸವಿ ನವೆಂಬರ್ ೧೨, ಮಂಗಳವಾರ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹೊಸದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದೆ. ಎದುರುಮನೆಯ ಗಂಗಕ್ಕನ ಮಗಳಿಗೆ ಹೆರಿಗೆಯಾಗಿತ್ತು. ಆ ಕೂಸಿಗೆ ಹೊದಿಸುವ ಸಣ್ಣ ಕೌದಿ. ಬಿಳಿ ಪಂಚೆಯ ತುಂಡಿನ ಮೇಲೆ ಕೆಂಪು ಚುಕ್ಕೆ ಕಂಡಿತು. ಆಮೇಲೆ ಇನ್ನೊಂದು. ಐದು ಎಣಿಸಿದೆ. ಬಟ್ಟೆಯ ಅಡಿಯಿಂದ ಎಡಗೈ ಹೊರತೆಗೆದೆ. ಉಂಗುರದ ಬೆರಳ ತುದಿ ರಕ್ತದಲ್ಲಿ ತೊಯ್ದಿತ್ತು.

ನೋವೇ ಇರಲಿಲ್ಲ.

ಹಳೆ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಹೊಲಿಯುವಾಗ ಬಲಗೈ ಮೇಲಿರುತ್ತದೆ, ಎಡಗೈ ಅಡಿಯಲ್ಲಿ. ಸೂಜಿ ಕೆಳಗೆ ಬಂತೆಂದು ಅಡಿಯ ಬೆರಳಿಗೆ ತಾಗಿಯೇ ತಿಳಿಯಬೇಕು. ಅದಕ್ಕೇ ಹೊಸಬರ ಬೆರಳೆಲ್ಲ ಗಾಯ. ದಿನಕ್ಕೆ ಎಷ್ಟು ಸಾಲು ಹೊಲಿದೆ, ಎಷ್ಟು ಸಲ ಚುಚ್ಚಿತು ಎಂದು ನಾನು ಡೈರಿಯಲ್ಲಿ ಬರೆಯುತ್ತೇನೆ. ಸೆಪ್ಟೆಂಬರ್ ೨: ಹದಿನಾಲ್ಕು. ಅಕ್ಟೋಬರ್ ೫: ಆರು. ಅಕ್ಟೋಬರ್ ೨೦: ಸೊನ್ನೆ. ಆ ಸೊನ್ನೆಗೆ ಸುತ್ತಲೂ ಹೂವಿನ ಎಸಳು ಬರೆದಿದ್ದೆ.

ಅಜ್ಜಿಯೂ ಹಿಗ್ಗಿದ್ದಳು. "ನಿಮ್ಮವ್ವ ಇಪ್ಪತ್ತು ವರ್ಷದಿಂದ ಹೊಲಿದ್ರೂ ಇನ್ನೂ ಅಯ್ಯೋ ಅಂತಾಳೆ. ನಿನಗೆ ಆಗ್ಲೇ ಕೈ ಪಳಗೈತೆ ಬಿಡು."

ಪಳಗಿದ ಕೈಗೆ ಸೂಜಿ ನೋಯುವುದಿಲ್ಲ ಎಂಬುದು ನಮ್ಮ ಮನೆಯ ಹೆಂಗಸರ ನಂಬಿಕೆ. ಅಜ್ಜಿಯ ಬೆರಳು ಜಡ್ಡುಗಟ್ಟಿ ಹಾಗಾಗಿತ್ತು. ನನ್ನದು ಮೆತ್ತಗೇ ಇತ್ತು. ಇಷ್ಟನ್ನು ಮುಟ್ಟಿ ನೋಡಬೇಕೆಂದು ಎಲ್ಲವನ್ನೂ ಎಣಿಸುವ ನನಗೆ ಹೊಳೆಯಲಿಲ್ಲ.

ನವೆಂಬರ್ ೨೫, ಸೋಮವಾರ. ಅವ್ವನ ಜೊತೆ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ, ದೊಡ್ಡಾಸ್ಪತ್ರೆಗೆ. ಡಾಕ್ಟರು ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿದರು. ಹತ್ತರಲ್ಲಿ ಮೂರು ಸಲ ಮಾತ್ರ ಗೊತ್ತಾಯಿತು. ಮೊಣಕೈ ಹತ್ತಿರದ ಮಾಸಲು ಮಚ್ಚೆ ನೋಡಿದರು. ಕಿವಿಯ ಹಾಲೆ ಗೀರಿ ಪರೀಕ್ಷೆಗೆ ಸ್ಮಿಯರ್ ತೆಗೆದರು.

"ಈ ಕೈಯಿಂದ ಏನು ಕೆಲಸ ಮಾಡ್ತೀಯಮ್ಮ?"

"ಏನಿಲ್ಲ ಸಾರ್. ಮನೇಲೇ ಇರ್ತೀನಿ."

ಓಪಿ ಚೀಟಿಯಲ್ಲಿ ಕಾಂಪೌಂಡರು ಬರೆದರು: ಉದ್ಯೋಗ ಇಲ್ಲ.

ಕುಷ್ಠ.

ಡ್ಯಾಪ್ಸೋನ್ ಮಾತ್ರೆ, ವರ್ಷಗಟ್ಟಲೆ. ತಪ್ಪದೆ ತಗೊಂಡರೆ ಬೇರೆಯವರಿಗೆ ಹತ್ತುವುದಿಲ್ಲ, ಆದರೆ ಹೋದ ಸ್ಪರ್ಶ ಬರುತ್ತದೆಂದು ಹೇಳಲಾರೆ ಎಂದರು ಡಾಕ್ಟರು. ಬಿಸಿ ಪಾತ್ರೆ ಮುಟ್ಟಬೇಡ ಎಂದರು. ಸೂಜಿಯ ಮಾತು ಬರಲಿಲ್ಲ. ನಾನೇ ಹೇಳಿರಲಿಲ್ಲವಲ್ಲ! ಮನೆಗೆ ಬಂದು ಹೊಲಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಮೂರು ವಾರದಲ್ಲಿ ಬೆರಳು ಕೀವು ತುಂಬಿ ಬದನೆಕಾಯಿಯಂತಾಯಿತು.

ಡಿಸೆಂಬರ್ ೧೬, ಮತ್ತೆ ದೊಡ್ಡಾಸ್ಪತ್ರೆ. ಉಗುರು ತೆಗೆದರು. ತುದಿಯ ಸ್ವಲ್ಪ ಮಾಂಸವೂ ಹೋಯಿತು. ಮರಗಟ್ಟಿದ ಬೆರಳ ತುದಿಯನ್ನು ಕತ್ತರಿಸುವುದನ್ನು ಬೇರೆ ಯಾರದೋ ಕೈಯೆಂಬಂತೆ ನೋಡುತ್ತ ಕೂತಿದ್ದೆ. ಅತ್ತವಳು ಅವ್ವ.

"ಹೊಲೀತೀನಿ ಅಂತ ಮೊದಲೇ ಯಾಕೆ ಹೇಳಲಿಲ್ಲ?" ಡಾಕ್ಟರು ರೇಗಿದರು.

"ಅದೂ ಒಂದು ಕೆಲಸ ಅಂತ ಗೊತ್ತಿರ್ಲಿಲ್ಲ ಸಾರ್."

ಕಾಂಪೌಂಡರು 'ಇಲ್ಲ' ಎಂಬುದನ್ನು ಹೊಡೆದುಹಾಕಿದರು. "ಟೈಲರ್ ಅಂತ ಬರೀಲೇನಮ್ಮ?"

"ಅಲ್ಲ. ಟೈಲರು ಅಳತೆಗೆ ಹೊಲೀತಾರೆ. ನಾನು ಹರಿದ ಬಟ್ಟೇಲಿ ಬಣ್ಣಕ್ಕೆ ಬಣ್ಣ ಕೂಡಿಸ್ತೀನಿ. ಒಂದರಂಗೆ ಇನ್ನೊಂದು ಇರಲ್ಲ."

"ಹಂಗಾದ್ರೆ ಕಲಾವಿದೆ ಅಂತ ಬರೀಬೇಕಾಗ್ತೈತೆ!" ನಕ್ಕರು.

"ಬರೀರಿ," ಎಂದೆ.

ಬರೆದರು. ಬೆರಳ ತುದಿ ಹೋದ ದಿನವೇ ಆ ಹೆಸರು ಬಂತು. ಇದನ್ನು ಲಾಭವೆನ್ನಲೋ ನಷ್ಟವೆನ್ನಲೋ, ಡೈರಿಯ ಯಾವ ಪಟ್ಟಿಗೂ ಸೇರಿಸಲಾಗಿಲ್ಲ.

ಕಾಯಿಲೆಯ ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ಗಂಗಕ್ಕ ಕೌದಿ ಕೇಳಲು ಬರಲಿಲ್ಲ. ಬೀದಿಯಲ್ಲಿ ಸಿಕ್ಕಾಗ, "ಈಗೇನು ಅಷ್ಟು ಚಳಿ ಇಲ್ಲ ಬಿಡವ್ವ," ಎಂದಳು. ಡಿಸೆಂಬರ್ ತಿಂಗಳು. ಅಜ್ಜಿ ಕಟ್ಟೆಯಿಂದಲೇ ಕೂಗಿದಳು: "ಹೌದೌದು, ನಿಮ್ಮನೇಲಿ ಮಾತ್ರ ಬ್ಯಾಸಿಗೆ ಐತೆ!" ನನಗೆ ನಗಲೂ ಆಗಲಿಲ್ಲ, ಸಿಟ್ಟು ಮಾಡಲೂ ಆಗಲಿಲ್ಲ. ಅವಳ ಮನೆಯಲ್ಲಿ ಹಸುಗೂಸು.

ಆ ಕೌದಿಯ ಕೊನೆಯ ಮೂಲೆ ಇನ್ನೂ ತೆರೆದೇ ಇದೆ. ಅಲ್ಲಿ ರೊಟ್ಟಿಯ ಚೂರೊಂದನ್ನಿಟ್ಟು ಮುಚ್ಚುವುದು ನಮ್ಮ ಪದ್ಧತಿ. ಹಸಿದ ಕೌದಿ ಬೆಚ್ಚಗಿಡುವುದಿಲ್ಲವಂತೆ.

ಎಡಗೈಯಿಂದ ಸೂಜಿ ಮುಟ್ಟಕೂಡದೆಂದು ಡಾಕ್ಟರ ಕಟ್ಟಪ್ಪಣೆ. ಜನವರಿಯಲ್ಲಿ ಒಂದು ದಿನ ಅಜ್ಜಿ ಬಂದು ಎದುರು ಕೂತಳು. ಅವಳಿಗೆ ಕಣ್ಣು ಮಂಜು, ಆದರೆ ಆ ಜಡ್ಡುಗಟ್ಟಿದ ಬೆರಳಿಗೆ ಸೂಜಿಯ ಮೊನೆ ಇನ್ನೂ ಗೊತ್ತಾಗುತ್ತದೆ. ಬಟ್ಟೆಯ ಅಡಿಗೆ ತನ್ನ ಕೈ ತೂರಿಸಿದಳು.

"ಇಳಿಸು."

ಇಳಿಸಿದೆ.

"ಬಂತು," ಎಂದಳು. ಮೇಲಕ್ಕೆ ದೂಡಿದಳು.

ಇಂದು ೧೯೭೫ ಫೆಬ್ರವರಿ ೯. ಮಾತ್ರೆ ಎಪ್ಪತ್ತೇಳು, ಒಂದೂ ತಪ್ಪಿಲ್ಲ. ಇಂದಿನ 'ಬಂತು' ನಲವತ್ತೊಂದು. ನಲವತ್ತೊಂದಕ್ಕೆ ಅಜ್ಜಿ ಕೈ ಹೊರತೆಗೆದು ನೀವಿಕೊಂಡಳು, ನಿಲ್ಲಿಸಿದೆವು. ಅವಳಿಗೆ ಎಪ್ಪತ್ತಾರು ವರ್ಷ. ಸದ್ಯಕ್ಕೆ ಅವಳಿದ್ದಾಳೆ, ಅಷ್ಟಕ್ಕೆ ಕೈ ಮುಗಿಯುತ್ತೇನೆ. ಮುಂದಿನದನ್ನು ಲೆಕ್ಕ ಹಾಕಲು ಹೋದರೆ ಪೆನ್ನು ನಿಲ್ಲುತ್ತದೆ.

ಓದುಗರಲ್ಲಿ ನನ್ನಂತೆ ಬೆರಳು ಮರಗಟ್ಟಿಯೂ ಹೊಲಿಯುತ್ತಿರುವವರು ಯಾರಾದರೂ ಇರಬಹುದು. ಸೂಜಿ ಬಂದದ್ದು ಅಡಿಯ ಕೈಗೆ ಬೇರೆ ಯಾವ ರೀತಿಯಲ್ಲಾದರೂ ತಿಳಿಯುತ್ತದೆಯೇ? ಗೊತ್ತಿದ್ದವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಆ ಸಣ್ಣ ಕೌದಿಯ ಮೂಲೆ ತೆರೆದೇ ಇಟ್ಟಿದ್ದೇನೆ.