ಮಡಿಲಕ್ಕಿಯೊಳಗಿನ ಮಾತ್ರೆ

ನನಗೆ ಬರುವುದು ಒಂದೇ ವಿದ್ಯೆ, ಬೇರೆಯವರ ಗಂಟಲು ಕದಿಯುವುದು. ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವ ಹೆಂಗಸು, ಕಬ್ಬಿನ ಲೋಡು ಹೊತ್ತು ರಸ್ತೆಯೆಲ್ಲ ತನ್ನದೇ ಎನ್ನುವ ಟ್ರಾಕ್ಟರಿನವನು, ಗಣಪತಿ ಪೆಂಡಾಲಿನಲ್ಲಿ ಮೈಕು ಸಿಕ್ಕರೆ ಬಿಡದ ಅಧ್ಯಕ್ಷರು, ಎಲ್ಲರೂ ನನ್ನ ಗಂಟಲಲ್ಲಿ ಬಿಟ್ಟಿ ಬಾಡಿಗೆಗೆ ಇದ್ದಾರೆ. ನಾಗಮಂಗಲದ ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ನನಗೆ ಶಾಲು ಕೂಡ ಹೊದಿಸಿದ್ದಾರೆ. ಸ್ವಂತ ದನಿ ಹೇಗಿದೆ ಎಂದು ಕೇಳಬೇಡಿ. ರಾಗಿ ಮಿಲ್ಲಿನಲ್ಲಿ ಬೆಲ್ಟು ಜಾರಿದ ಹಾಗಿದೆ. ಅದಕ್ಕೇ ಬೇರೆಯವರದನ್ನು ಬಳಸುವುದು.

ಮನೆಯಲ್ಲಿ ಹೆಚ್ಚು ಬೇಡಿಕೆ ಇದ್ದದ್ದು ಮಾತ್ರ ಡಾಕ್ಟರ ದನಿಗೆ.

ನನ್ನ ಅಕ್ಕನಿಗೆ ಹದಿಮೂರನೇ ವಯಸ್ಸಿನಲ್ಲಿ ಮೂರ್ಛೆ ರೋಗ ಶುರುವಾಯಿತು. ನೀರು ಸೇದುತ್ತಿದ್ದವಳು ಬಿಂದಿಗೆ ಸಮೇತ ಬಿದ್ದಳು. ಊರಿಗೆ ಊರೇ ಓಡಿಬಂದು ಅವಳ ಅಂಗೈಗೆ ಬೀಗದ ಕೈ ಗೊಂಚಲು ತುರುಕಿತು, ಮೂಗಿಗೆ ಈರುಳ್ಳಿ ಹಿಡಿಯಿತು. ಶ್ರೀರಂಗಪಟ್ಟಣದಲ್ಲಿ ತಾಯತ ಕಟ್ಟಿಸಿದ್ದೂ ಆಯಿತು. ಆಮೇಲೆ ಯಾರೋ ಬುದ್ಧಿವಂತರು ಪಾಂಡವಪುರದ ಒಂದು ಕ್ಲಿನಿಕ್ಕಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಒಂದು ಮಾತ್ರೆ ಬರೆದರು. ಸುಳ್ಳು ಹೇಳಬಾರದು, ಮಾತ್ರೆ ಕೆಲಸ ಮಾಡಿತು. ಮೂರ್ಛೆ ಬರುವುದು ನಿಂತೇಹೋಯಿತು.

ಅಲ್ಲಿಂದ ಹನ್ನೊಂದು ವರ್ಷ, ಎರಡು ತಿಂಗಳಿಗೊಮ್ಮೆ ಹೋಗುವುದು, ಬೆಂಚಿನ ಮೇಲೆ ಕೂರುವುದು, ಒಳಗೆ ಹೋಗುವುದು. ಡಾಕ್ಟರು ತಲೆ ಎತ್ತುತ್ತಿರಲಿಲ್ಲ. ಚೀಟಿಯ ಮೇಲೆ ಪೆನ್ನು ಓಡುತ್ತಿರುವಾಗಲೇ ಮೂಗಿನಿಂದ ಒಂದು ದನಿ ಬರುತ್ತಿತ್ತು. "ಹೂಂ... ಬಂದಿತ್ತಾ? ಇಲ್ವಾ? ಗುಡ್. ಅದೇ ಕಂಟಿನ್ಯೂ."

ಮನೆಗೆ ಬಂದ ತಕ್ಷಣ ನಾನು ಚಾಪೆಯ ಮೇಲೆ ಕೂತು ಅದನ್ನೇ ಆಡಿ ತೋರಿಸುತ್ತಿದ್ದೆ. ಅವ್ವ ಸಾರು ತಿರುವುತ್ತಾ ನಗುತ್ತಿದ್ದಳು. ಅಪ್ಪ ಬೀಡಿ ಕೆಳಗಿಟ್ಟು, "ಇನ್ನೊಂದ್ಸಲ ಮಾಡು ಕಣ್ಲಾ" ಅನ್ನುತ್ತಿದ್ದ. ಅಕ್ಕ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು. ಹನ್ನೊಂದು ವರ್ಷ ನಕ್ಕೆವು. ಆ ನಗು ನೆನೆದರೆ ಈಗ ಮೈ ಉರಿಯುತ್ತದೆ.

ನನ್ನ ಮೇಲೂ ಒಂದು ಕೇಸಿದೆ, ಅದನ್ನೂ ಹೇಳಿಬಿಡುತ್ತೇನೆ. ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಜಗುಲಿಯಲ್ಲಿ ಹುಡುಗರ ಮುಂದೆ ಅಕ್ಕನ ಮೂರ್ಛೆಯನ್ನೇ ಅನುಕರಣೆ ಮಾಡಿದ್ದೆ. ಕೈಕಾಲು ಎಳೆದು, ಬಾಯಲ್ಲಿ ಎಂಜಲು ನೊರೆ ತಂದು, ಭರ್ಜರಿಯಾಗಿ. ಹುಡುಗರು ಬಿದ್ದು ಬಿದ್ದು ನಕ್ಕರು. ಎದ್ದು ನೋಡಿದರೆ ನನ್ನ ಬುತ್ತಿ ಹಿಡಿದುಕೊಂಡು ಅಕ್ಕ ನಿಂತಿದ್ದಳು. ಬುತ್ತಿ ಕೊಟ್ಟು, "ಅಂಗೇ ಬೀಳ್ತೀನಾ ನಾನು? ನಂಗೊತ್ತೇ ಇರ್ನಿಲ್ಲ ಕಣ್ಲಾ" ಎಂದಳು. ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಅವಳಿಗೆ ಇಪ್ಪತ್ತನಾಲ್ಕಾದಾಗ ಶೀಳನೆರೆ ಕಡೆಯಿಂದ ಗಂಡು ಬಂತು. ಒಳ್ಳೆಯ ಹುಡುಗ. ಮನೆಯಲ್ಲಿ ಸಭೆ ಸೇರಿ, ಮೂರ್ಛೆಯ ವಿಷಯ ಯಾರೂ ಉಸಿರೆತ್ತಬಾರದು ಎಂದು ತೀರ್ಮಾನವಾಯಿತು. ಡಾಕ್ಟರಿಗೂ ಮದುವೆಯ ಸುದ್ದಿ ಹೇಳಕೂಡದು, ಯಾಕೆಂದರೆ ಅಲ್ಲಿನ ಕಾಂಪೌಂಡರು ಗಂಡಿನ ಕಡೆಯವರಿಗೆ ದೂರದ ನೆಂಟ. ಆಣೆ ಇಡಿಸಿಕೊಂಡರು. ನಾನೂ ಇಟ್ಟೆ.

ಆದರೆ ಮಾತ್ರೆ? ಅದಕ್ಕೆ ಅವ್ವ ಒಂದು ಉಪಾಯ ಮಾಡಿದಳು. ಮದುಮಗಳನ್ನು ಕಳಿಸಿಕೊಡುವಾಗ ಸೆರಗಿಗೆ ಮಡಿಲಕ್ಕಿ ಕಟ್ಟುತ್ತೇವಲ್ಲ, ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಗಿಟುಕು, ಅರಿಶಿನದ ಕೊಂಬು. ಅದರ ತಳದಲ್ಲಿ, ಗಿಟುಕಿನ ಕೆಳಗೆ, ಎರಡು ತಿಂಗಳ ಮಾತ್ರೆ ಹುದುಗಿಸಿದಳು. ತವರಿನ ದೇವರು ಕಾಪಾಡಲಿ ಎಂದು ಕಣ್ಣೀರು ಬೇರೆ ಹಾಕಿದಳು.

ಪಾಪ, ಒಂದನ್ನು ಮರೆತಿದ್ದಳು. ಆ ಮನೆಯಲ್ಲಿ ಮಡಿಲಕ್ಕಿ ಬಿಚ್ಚುವುದು ಸೊಸೆಯಲ್ಲ, ಅತ್ತೆ. ಮೊರಕ್ಕೆ ಸುರಿದಾಗ ಅಕ್ಕಿಯ ಜೊತೆ ಮಾತ್ರೆಯ ಹಾಳೆಗಳು ಥಳಥಳ ಉದುರಿದವು.

"ಏನವ್ವಾ ಇವು?"

"ರಕ್ತದ ಮಾತ್ರೆ ಅತ್ತೆ. ರಕ್ತ ಕಮ್ಮಿ ಅಂತ ಕೊಟ್ಟವ್ರೆ" ಎಂದಳು ಅಕ್ಕ. ಅಷ್ಟೇ. ಅಂದಿನಿಂದ ಅದು ರಕ್ತದ ಮಾತ್ರೆಯಾಯಿತು. ಮುಗಿದಾಗ ನಾನು ಕ್ಲಿನಿಕ್ಕಿಗೆ ಒಬ್ಬನೇ ಹೋಗಿ, ಹಳೆಯ ಚೀಟಿ ತೋರಿಸಿ, ಅದೇ ಕಂಟಿನ್ಯೂ ಮಾಡಿಸಿ, ಬೈಕಿನಲ್ಲಿ ಹೋಗಿ ಕೊಟ್ಟುಬರುತ್ತಿದ್ದೆ. ರೋಗಿ ಎಲ್ಲಿ ಎಂದು ಡಾಕ್ಟರು ಒಂದು ದಿನವೂ ಕೇಳಲಿಲ್ಲ.

ವರ್ಷದೊಳಗೆ ಅಕ್ಕ ಬಸುರಿಯಾದಳು. ಆಶಾ ಕಾರ್ಯಕರ್ತೆ ಬಂದು ಕಬ್ಬಿಣಾಂಶದ ಮಾತ್ರೆ ಕೊಟ್ಟು, "ಇದು ರಕ್ತಕ್ಕೆ" ಎಂದು ಹೋದಳು. ಅತ್ತೆ ಲೆಕ್ಕ ಹಾಕಿದರು. ರಕ್ತಕ್ಕೆ ಎರಡೆರಡು ಮಾತ್ರೆ ತಿಂದರೆ ಮೈ ಉಷ್ಣವಾಗುತ್ತದೆ, ಮಗುವಿಗೆ ತಟ್ಟುತ್ತದೆ. ಸರ್ಕಾರದ್ದು ಇರಲಿ, ತವರಿನದು ಬೇಡ ಎಂದು ಅಕ್ಕನ ಮಾತ್ರೆ ತೆಗೆದು ಬೀರುವಿನೊಳಗಿಟ್ಟು ಬೀಗ ಹಾಕಿದರು. ಅವರ ತಪ್ಪೇನಿದೆ? ಅವರಿಗೆ ಗೊತ್ತಿದ್ದ ಸುಳ್ಳಿನ ಪ್ರಕಾರ ಅವರು ಮಾಡಿದ್ದು ಸರಿ.

ಅಕ್ಕ ಹಿತ್ತಲಿಗೆ ಹೋಗಿ ನನಗೆ ಫೋನ್ ಮಾಡಿದಳು. "ಅತ್ತೆ ಮಾತ್ರೆ ಎತ್ತಿಟ್ಬುಟ್ಟವ್ರೆ ಕಣ್ಲಾ. ಇವತ್ತಿಗೆ ಎರಡು ದಿನಾಯ್ತು. ಕೈ ನಡುಗ್ತದೆ. ಬಾವಿ ತಾವ್ಲೋ ಒಲೆ ತಾವ್ಲೋ ಬಿದ್ಬುಟ್ರೆ ಮೊಗೀನ ಗತಿ?"

ನಿಜ ಹೇಳಿಬಿಡು ಎನ್ನಬಹುದಿತ್ತು. ಭಾವನಿಗಾದರೂ ಹೇಳು ಎನ್ನಬಹುದಿತ್ತು. ನಾನು ಮಾಡಿದ್ದೇನು? ನನ್ನ ಇನ್ನೊಂದು ಸಿಮ್ಮಿನಿಂದ ಅತ್ತೆಗೆ ಫೋನ್ ಹಚ್ಚಿ, ಮೂಗು ಬಿಗಿದೆ.

"ಹೂಂ... ನಾನು ಪಾಂಡವಪುರದ ಡಾಕ್ಟರು ಮಾತಾಡ್ತಿರೋದು. ನಿಮ್ಮ ಸೊಸೆ ಮಾತ್ರೆ ನಿಲ್ಲಿಸಿದ್ದೀರಂತೆ? ಹೆಚ್ಚುಕಮ್ಮಿ ಆದ್ರೆ ನಾನು ಜವಾಬ್ದಾರನಲ್ಲ. ಅದೇ ಕಂಟಿನ್ಯೂ."

"ಅಯ್ಯೋ ಬುದ್ಧೀ, ತಾವೇ ಪೋನ್ ಮಾಡ್ಬುಟ್ರಾ! ಈಗ್ಲೇ ಕೊಟ್ಟೆ ಕನ್ರಪ್ಪಾ!"

ಬೀರು ತೆರೆಯಿತು. ಸಂಜೆ ಮನೆಯಲ್ಲಿ ಈ ಕತೆ ಹೇಳಿದರೆ ಅಪ್ಪ ಕೆಮ್ಮು ಬರುವ ತನಕ ನಕ್ಕ. ನನ್ನ ಜೀವಮಾನದ ಅತ್ಯುತ್ತಮ ಪ್ರದರ್ಶನ ಅದು. ಪ್ರೇಕ್ಷಕರು ಒಬ್ಬರೇ ಆದರೂ, ಪೂರ್ತಿ ನಂಬಿದ್ದರು.

ಐದನೇ ತಿಂಗಳ ಸ್ಕ್ಯಾನಿಂಗಿಗೆ ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಂದಳು ಆಶಾ ಕಾರ್ಯಕರ್ತೆ. ಭಾವ ಡ್ಯೂಟಿಯಲ್ಲಿದ್ದ, ಅತ್ತೆ ಮತ್ತು ಅಕ್ಕನ ಜೊತೆ ನಾನು ಹೋದೆ. ಅಲ್ಲಿದ್ದವರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ತಲೆ ಎತ್ತಿ, ಅಕ್ಕನ ಮುಖ ನೋಡಿ, "ಏನೇನು ಮಾತ್ರೆ ತಗೋತಿದ್ದೀಯಮ್ಮಾ?" ಎಂದು ಕೇಳಿದರು. ತಲೆ ಎತ್ತುವ ಡಾಕ್ಟರನ್ನು ಅಕ್ಕ ನೋಡಿದ್ದು ಅದೇ ಮೊದಲು, ಗಾಬರಿಯಾಗಿ ನೆಲ ನೋಡಿದಳು.

ಅತ್ತೆ ಹೆಮ್ಮೆಯಿಂದ ಚೀಲ ಬಿಚ್ಚಿದರು. "ಇದು ಸರ್ಕಾರದ್ದು ಕನವ್ವಾ. ಇದು ಅವ್ರ ತವರ್ನದು, ರಕ್ತಕ್ಕೆ."

ಡಾಕ್ಟರು ಹಾಳೆ ತಿರುಗಿಸಿ ಓದಿದರು. ಇನ್ನೊಂದು ಸಲ ಓದಿದರು. "ಇದು ರಕ್ತದ ಮಾತ್ರೆ ಅಂತ ಯಾರು ಹೇಳಿದ್ದು? ಇದು ಫಿಟ್ಸ್ ಮಾತ್ರೆ. ಇದನ್ನ ಬಸುರೀಲಿ ತಗೋ ಅಂದೋರು ಯಾರು?"

"ಅವ್ರ ಡಾಕ್ಟ್ರೇ ಕನವ್ವಾ. ಖುದ್ದು ಪೋನ್ ಮಾಡಿದ್ರು. ಇಲ್ನೋಡಿ, ನಂಬ್ರ ಐತೆ."

"ಕೊಡಿ ಇಲ್ಲಿ, ನಾನೇ ಮಾತಾಡ್ತೀನಿ."

ಅವರು ಒತ್ತಿದರು. ನನ್ನ ಪ್ಯಾಂಟಿನ ಜೇಬು ಹಾಡತೊಡಗಿತು.

ಇಷ್ಟು ಜನರ ದನಿ ಕದ್ದವನು ನಾನು, ಆಗ ಒಂದು ದನಿಯೂ ಹೊರಡಲಿಲ್ಲ. ಅತ್ತೆ ನನ್ನ ಜೇಬು ನೋಡಿದರು, ಮುಖ ನೋಡಿದರು, ಆಮೇಲೆ ಅಕ್ಕನ ಕಡೆ ತಿರುಗಿದರು. "ಪಿಟ್ಸಾ?" ಎಂದರು. ಅಕ್ಕ ಹೂಂ ಎಂದಳು.

ಡಾಕ್ಟರು ನನಗೆ ಬೈದದ್ದು ಬರೆದರೆ ಈ ಪುಟ ಸಾಲದು, ಬೈಗುಳಕ್ಕೆ ಅರ್ಹನಾಗಿದ್ದೆ. ಆದರೆ ಬೈದ ಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಮಾತ್ರೆ ಹಾಗೆಲ್ಲ ತಟ್ಟನೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಮೂರ್ಛೆ ಜೋರಾಗಿ ಬಂದು ತಾಯಿಗೂ ಮಗುವಿಗೂ ಅಪಾಯ. ಹಾಗಂತ ಈ ಮಾತ್ರೆ, ಅದೂ ಇಷ್ಟು ಪ್ರಮಾಣದಲ್ಲಿ, ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ. ಬೆನ್ನುಮೂಳೆಗೆ ಪೆಟ್ಟಾಗಬಹುದು, ತುಟಿ ಸೀಳಿರಬಹುದು, ಮುಂದೆ ಮಾತಿಗೆ, ಕಲಿಕೆಗೆ ಆಗಬಹುದು. ಎಲ್ಲರಿಗೂ ಆಗುವುದಿಲ್ಲ, ಆದರೆ ಆಗಬಹುದು. ಮಗುವಿಗೆ ಅಪಾಯ ಕಡಿಮೆ ಇರುವ ಬೇರೆ ಮಾತ್ರೆಗಳಿವೆ. ಬದಲಾಯಿಸುವುದಿದ್ದರೆ ಬಸಿರಿಗೆ ಮುಂಚೆ, ನಿಧಾನವಾಗಿ, ಡಾಕ್ಟರ ಕಣ್ಗಾವಲಿನಲ್ಲಿ ಬದಲಾಯಿಸಬೇಕಿತ್ತು. ಈಗ ಪ್ರಮಾಣವನ್ನಾದರೂ ನಿಧಾನವಾಗಿ ಇಳಿಸೋಣ ಎಂದು ಹೊಸ ಚೀಟಿ ಬರೆದರು.

"ಮದ್ವೆಗೆ ಮುಂಚೆ ಒಂದು ಮಾತು ಯಾರೂ ಹೇಳಲಿಲ್ವೇನಮ್ಮಾ?" ಎಂದು ಅವರು ಕೇಳಿದಾಗ ಅಕ್ಕ ನನ್ನ ಕಡೆ ನೋಡಿದಳು. ಹನ್ನೊಂದು ವರ್ಷದ ಭೇಟಿಗಳನ್ನು ನಾನು ಅಕ್ಷರ ಬಿಡದೆ ಒಪ್ಪಿಸಬಲ್ಲೆ. ಅದರಲ್ಲಿ ಆ ಮಾತು ಇರಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ಮಾತ್ರೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಶ್ರೀರಂಗಪಟ್ಟಣದ ಸೇತುವೆ ಬಂದಾಗ ಎಲ್ಲರಂತೆ ಹೊಳೆಗೆ ಕೈಮುಗಿದರು. ಭಾವನಿಗೆ ವಿಷಯ ತಿಳಿದಾಗ ಅವನು ಹೇಳಿದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. "ಇಷ್ಟೇಯಾ? ನಂಗೇಳಿದ್ರೆ ಮಾತ್ರೆ ನಾನೇ ತತ್ತಿರ್ನಿಲ್ವಾ? ಅಕ್ಕಿ ಒಳ್ಗೆ ಬಚ್ಚಿಡೋವಂತದ್ದೇನಿತ್ತು?" ಆಣೆ ಇಟ್ಟ ನಮ್ಮ ಇಡೀ ಸಭೆಯ ಕಪಾಳಕ್ಕೆ ಒಬ್ಬ ಮನುಷ್ಯ ಮೂರು ಮಾತಿನಲ್ಲಿ ಹೊಡೆದ.

ಮಗು ಹುಟ್ಟಿತು, ಗಂಡು. ಬೆನ್ನು ಸರಿಯಿತ್ತು, ತುಟಿ ಸರಿಯಿತ್ತು. ಅವ್ವ ಹರಕೆ ತೀರಿಸಿದಳು. ನಾವೆಲ್ಲ ಬಚಾವಾದೆವು ಎಂದುಕೊಂಡೆವು.

ಈಗ ಅವನಿಗೆ ಮೂರೂವರೆ ವರ್ಷ. ಮಾತು ಬಂದಿಲ್ಲ. ಕಿವಿ ಚೆನ್ನಾಗಿದೆ. ಕರೆದರೆ ಒಮ್ಮೊಮ್ಮೆ ತಿರುಗುತ್ತಾನೆ, ಒಮ್ಮೊಮ್ಮೆ ಇಲ್ಲ. ನಾನು ಕಾಗೆಯ ಹಾಗೆ ಕೂಗಿದರೆ, ಬಸ್ಸಿನ ಹಾರನ್ನು ಹೊಡೆದರೆ ನನ್ನ ಬಾಯಿಯನ್ನೇ ನೋಡುತ್ತಾನೆ, ಬೆರಳು ತಂದು ನನ್ನ ತುಟಿ ಮುಟ್ಟುತ್ತಾನೆ. "ಅವ್ವ ಅನ್ನು ಮರಿ" ಎಂದರೆ ಬೆರಳು ತೆಗೆದು ಹೊರಟುಬಿಡುತ್ತಾನೆ. ವಾರಕ್ಕೆ ಎರಡು ದಿನ ಅಕ್ಕ ಅವನನ್ನು ಮಾತಿನ ತರಬೇತಿಗೆ ಮೈಸೂರಿಗೆ ಕರೆದೊಯ್ಯುತ್ತಾಳೆ. ಮಾತ್ರೆಯಿಂದಲೇ ಹೀಗಾಯಿತು ಎಂದು ಅಲ್ಲಿ ಯಾರೂ ಖಡಾಖಂಡಿತ ಹೇಳುವುದಿಲ್ಲ, ಆಗಿರಬಹುದು ಎನ್ನುತ್ತಾರೆ. ಊರಿಗೆ ಮಾತ್ರ ಎಲ್ಲವೂ ಖಂಡಿತ. ನಲ್ಲಿ ಹತ್ತಿರ, ಹಾಲಿನ ಡೈರಿ ಹತ್ತಿರ, "ತಾಯಿ ರೋಗ ಮೊಗೀಗ್ ಬಂದದೆ" ಎಂದು ಅಕ್ಕನಿಗೆ ಕೇಳುವಷ್ಟು ಮೆಲ್ಲಗೆ ಮಾತಾಡುತ್ತಾರೆ. ಅವರ ದನಿಗಳೂ ನನಗೆ ಬರುತ್ತವೆ. ಯಾವ ವೇದಿಕೆಯ ಮೇಲೂ ಹಾಕುವುದಿಲ್ಲ.

ಹೋದ ತಿಂಗಳು ತರಬೇತಿಯವರು, ಗರ್ಭಿಣಿಯಾಗಿದ್ದಾಗ ತಾಯಿ ತೆಗೆದುಕೊಂಡ ಮಾತ್ರೆಯ ಪ್ರಮಾಣ ಬೇಕು, ಹಳೆಯ ಚೀಟಿ ತನ್ನಿ ಎಂದರು. ನಮ್ಮ ಹತ್ತಿರವಿದ್ದವು ಎಲ್ಲೋ ಕಳೆದಿದ್ದವು, ಕೇಳಿ ತರಲು ಅಕ್ಕ ಮತ್ತು ನಾನು ಪಾಂಡವಪುರದ ಕ್ಲಿನಿಕ್ಕಿಗೆ ಹೋದೆವು. ಅದೇ ಬೆಂಚು. ಒಳಗೆ ಹೋಗಿ ನಾನು ಎಲ್ಲವನ್ನೂ ಸುರಿದೆ, ನನ್ನ ಸ್ವಂತ ರಾಗಿ ಮಿಲ್ಲಿನ ದನಿಯಲ್ಲಿ.

ಡಾಕ್ಟರು ಪೆನ್ನು ತಿರುಗಿಸುತ್ತಾ ಹೇಳಿದರು. "ಮದುವೆ ಆಗ್ತಾಳೆ ಅಂತ ನೀವು ಹೇಳಲೇ ಇಲ್ಲವಲ್ಲಪ್ಪ. ಹೇಳಿದ್ರೆ ತಾನೆ ನನಗೆ ಗೊತ್ತಾಗೋದು?"

ಹೇಳಲಿಲ್ಲ, ನಿಜ. ನಮ್ಮ ತಪ್ಪು ನಮ್ಮದೇ. ಆದರೆ ಸ್ವಾಮಿ, ನಮ್ಮ ಸೀಮೆಯಲ್ಲಿ ಇಪ್ಪತ್ತು ದಾಟಿದ ಹುಡುಗಿ ಬಸ್ಸು ಹತ್ತಿದರೆ ಕಂಡಕ್ಟರು ಕೇಳುತ್ತಾನೆ, ಮದುವೆ ಯಾವಾಗ ಅಂತ. ಬಳೆ ಮಾರುವವರು ಕೇಳುತ್ತಾರೆ. ಹಲ್ಲು ಬಿದ್ದ ಅಜ್ಜಿಯರು ಕೇಳುತ್ತಾರೆ. ಕೇಳದೆ ಇದ್ದವರು ಒಬ್ಬರೇ, ಕೇಳಲೇಬೇಕಾಗಿದ್ದವರು. ಹೆಣ್ಣುಮಗಳು ಮುಂದೆ ತಾಯಿಯಾಗಬಹುದು ಎಂದು ಊಹಿಸಲು ಅಷ್ಟು ವರ್ಷ ಓದಬೇಕೇ? ಇದನ್ನೆಲ್ಲ ಅಂದೆ. ಇನ್ನೂ ಅನ್ನುವವನಿದ್ದೆ, ಅಕ್ಕ ಅಂಗಿ ಹಿಡಿದು ಹೊರಗೆ ಎಳೆದುಕೊಂಡು ಬಂದಳು. "ಬಾರ್ಲಾ, ಚೀಟಿ ಸಿಕ್ತಲ್ಲ."

ಬೆಂಚಿನ ಮೇಲೆ ಒಬ್ಬ ಹುಡುಗಿ ತಾಯಿಯ ಜೊತೆ ಕೂತಿದ್ದಳು. ಹತ್ತೊಂಬತ್ತೋ ಇಪ್ಪತ್ತೋ ಇರಬಹುದು, ಮಡಿಲಲ್ಲಿ ಕಾಲೇಜು ಬ್ಯಾಗು. ಕೈಯಲ್ಲಿದ್ದ ಮಾತ್ರೆಯ ಹಾಳೆಯ ಬಣ್ಣ ನಮ್ಮಿಬ್ಬರಿಗೂ ಬಾಯಿಪಾಠ. ಅಕ್ಕ ನಿಂತುಬಿಟ್ಟಳು. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು. "ಎಷ್ಟು ವರ್ಷದಿಂದ ತಗೋತಿದ್ದೀಯವ್ವ?"

ತಾಯಿ ನಡುವೆ ಬಂದಳು. "ನಮ್ಮುಡ್ಗೀಗೇನಿಲ್ಲ. ತಲೆನೋವು ಅಷ್ಟೇಯ."

"ಆಯ್ತು ಕನಕ್ಕ, ತಲೆನೋವೇ. ನಂಗೂ ಇದೇ ತಲೆನೋವು." ಅಕ್ಕ ಹುಡುಗಿಯ ಕಡೆಗೇ ನೋಡುತ್ತಿದ್ದಳು. "ನೀನಾಗಿ ನೀನು ಒಂದಿನಾನೂ ನಿಲ್ಲಿಸ್ಬ್ಯಾಡ. ಬಿದ್ಬುಡ್ತೀಯ. ಆದ್ರೆ ಮದ್ವೆ ಮಾತು ಬರೋಕ್ ಮುಂಚೇನೇ ಕೇಳು, ಈ ಮಾತ್ರೆ ಬಸ್ರಿಗೆ ಆಯ್ತದಾ ಅಂತ. ಇಲ್ಲಿ ಹೇಳ್ದಿದ್ರೆ ಮೈಸೂರ್ಗೋಗಿ ಕೇಳು. ನಾನ್ ಕೇಳ್ನಿಲ್ಲ."

"ಮದ್ವೆ ಆಗೋ ಉಡುಗಿ ಮುಂದೆ ಏನ್ ಮಾತಾಡ್ತೀಯವ್ವಾ ನೀನು, ಬಾಯ್ ಬಿದ್ದೋಗಾ!" ಎಂದು ತಾಯಿ ಸಿಡಿದಳು. ಅಷ್ಟರಲ್ಲಿ ಕಾಂಪೌಂಡರು ಕರೆದ, ಇಬ್ಬರೂ ಒಳಗೆ ಹೋದರು. ಬಾಗಿಲು ಪೂರ್ತಿ ಮುಚ್ಚಲಿಲ್ಲ.

"ಹೂಂ... ಬಂದಿತ್ತಾ? ಇಲ್ವಾ? ಗುಡ್. ಅದೇ..."

"ಸಾರ್, ಈ ಮಾತ್ರೆ ಬಸ್ರಿ ಆದ್ರೆ ಆಯ್ತದಾ?"

"ಲೇ, ಬಾಯ್ಮುಚ್ಚೇ!"

"ನೀನ್ ಸುಮ್ಕಿರವ್ವಾ. ಸಾರ್, ಹೇಳಿ ಸಾರ್."

ಅಕ್ಕ ಹಳೆಯ ಚೀಟಿಗಳನ್ನು ಎದೆಗವಚಿಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಸಂದಿಯಲ್ಲಿ ನನಗೆ ಡಾಕ್ಟರ ತಲೆ ಕಾಣುತ್ತಿತ್ತು. ಪೆನ್ನು ನಿಂತಿತ್ತು. ಅವರು ತಲೆ ಎತ್ತಿ ಆ ಹುಡುಗಿಯ ಮುಖ ನೋಡಿದರು.