ಮಾದೇವಣ್ಣ ‘ಒಗ್ಗಲ್ಲ’ ಎಂದ ಜೋಡಿ

ಮಾದೇವಣ್ಣ ಬರೆದ ಕಂಪ್ಯೂಟರ್ ಸ್ಕ್ರಿಪ್ಟು ಕೊಳ್ಳೇಗಾಲದ ಕನ್ನಡದಲ್ಲೇ ಗದರುತ್ತಿತ್ತು. ಬೇರೆ ಕಡೆ ತಪ್ಪಾದರೆ ಪರದೆಯ ಮೇಲೆ ಇಂಗ್ಲಿಷಿನ ಕೆಂಪಕ್ಷರ ಬರುತ್ತದೆ. ನಮ್ಮಲ್ಲಿ ‘ಇವೆರಡೂ ಒಗ್ಗಲ್ಲ ಕಣವ್ವ, ಬುಟ್ಬುಡು’ ಎಂದು ಬರುತ್ತಿತ್ತು.

ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಶಾಖೆಗಳಿದ್ದ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ನಾವಿಬ್ಬರೂ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆವು. ಮೂರೂ ಊರಿನ ಸರ್ವರುಗಳಿಗೆ ಕೂತಲ್ಲಿಂದಲೇ ಸಾಫ್ಟ್‌ವೇರ್ ಹಾಕಲು ಅವನು ಈ ಸ್ಕ್ರಿಪ್ಟು ಬರೆದಿದ್ದ. ಲ್ಯಾಬ್ ಸಾಫ್ಟ್‌ವೇರಿನ ಯಾವ ವರ್ಷನ್ನಿಗೆ ಡೇಟಾಬೇಸಿನ ಯಾವ ವರ್ಷನ್ ಹೊಂದುತ್ತದೆಂದು ಅವನು ಮಾಡಿಟ್ಟ ಪಟ್ಟಿಯಲ್ಲಿ ನೋಡದೆ ಅದು ಒಂದು ಹೆಜ್ಜೆ ಮುಂದಿಡುತ್ತಿರಲಿಲ್ಲ. ಲ್ಯಾಬಿನ ಯಜಮಾನರು ‘ಲೇಟೆಸ್ಟು ಯಾವ್ದೋ ಅದ್ನೇ ಆಕ್ರಿ’ ಎಂದರೆ ಮಾದೇವಣ್ಣನಿಗೆ ಮೈ ಉರಿಯುತ್ತಿತ್ತು. ‘ಕೇಳ್ದೆ ಕೂಡ್ಸುದ್ರೆ ಒಬ್ರ ರಿಪೋಲ್ಟು ಇನ್ನೊಬ್ರ ಎಸ್ರಿಗೆ ಬತ್ತದೆ ಸಾ. ಆಮೇಕೆ ಯಾರ್ ಉತ್ರ ಕೊಟ್ಟಾರು?’ ಎನ್ನುತ್ತಿದ್ದ.

ವರ್ಷನ್‌ಗಳ ಹೊಸ ಜೋಡಿಯೊಂದನ್ನು ಪಟ್ಟಿಗೆ ಸೇರಿಸುವ ಮುಂಚೆ ತನ್ನದೇ ರಕ್ತ ಕೊಟ್ಟು, ರಿಪೋರ್ಟು ಸರಿಯಾಗಿ ಬರುತ್ತದೆಯೇ ಎಂದು ನೋಡುವುದು ಅವನ ನೇಮ. ‘ಬ್ಯಾರೇರ ಮೈಗ್ಯಾಕೆ ಸೂಜಿ ಚುಚ್ಚದು, ನಂದೇ ಅದಲ್ಲ’ ಎಂದು ಅಂಗಿಯ ತೋಳು ಮಡಚಿ ಕೂರುತ್ತಿದ್ದ. ನಾವು ನಗುತ್ತಿದ್ದೆವು.

ಹೋದ ವರ್ಷ ಹಾಗೆ ಕೊಟ್ಟಾಗ ಬಿಳಿ ರಕ್ತಕಣದ ಲೆಕ್ಕ ವಿಪರೀತ ಬಂತು. ‘ನೋಡ್ದಾ? ಇವು ಒಗ್ಗಲ್ಲ’ ಎಂದು ಪಟ್ಟಿಯಲ್ಲಿ ಹಾಗೇ ಬರೆದ. ಹಳೆಯ ಜೋಡಿ ಹಾಕಿ ನೋಡಿದ, ಅದೂ ಅಷ್ಟೇ ತೋರಿಸಿತು. ಊಟ ಬಿಟ್ಟು, ಯಾವ ವರ್ಷನ್ ಎಲ್ಲಿ ತಪ್ಪಿತೆಂದು ಹುಡುಕಿದ. ಕೊನೆಗೆ ಲ್ಯಾಬಿನ ಪುಟ್ಟತಾಯಮ್ಮ ಅವನ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದಳು. ತಲೆಯೆತ್ತದೆ, ‘ವರ್ಷನ್ ಅಲ್ಲ ಕಣಣ್ಣ, ರಕ್ತನೇ’ ಎಂದಳು.

ಮಧುವನಹಳ್ಳಿಯ ಅವನ ಮನೆಗೆ ಕೊನೆಯ ಸಲ ಹೋದಾಗ ಮಂಚದ ಮೇಲೆ ಒರಗಿಕೊಂಡಿದ್ದ. ಅರ್ಧಕ್ಕರ್ಧ ಇಳಿದುಹೋಗಿದ್ದ. ನಾನು ಕೂರುತ್ತಿದ್ದಂತೆ ಅವನೇ ಶುರುಮಾಡಿದ.

‘ಪಟ್ಟೀಲಿರೊ ಆ ಸಾಲ್ನ ತಿದ್ಬುಡು ಕಣವ್ವ. ಅವೆರಡೂ ಸರ್ಯಾಗೇ ಇದ್ದೊ. ನಾನೇ ಸುಮ್ಸುಮ್ನೆ ಬೈದ್ಬುಟ್ಟೆ.’

‘ನೀನೇ ಬಂದು ತಿದ್ದಣ್ಣ’ ಎಂದೆ.

‘ಊ, ಬತ್ತೀನಿ’ ಎಂದ. ಇಬ್ಬರಿಗೂ ಗೊತ್ತಿತ್ತು.

ಮೊನ್ನೆ ಹನೂರಿನ ಸರ್ವರಿಗೆ ಅದೇ ಜೋಡಿ ಹಾಕಬೇಕಾಗಿ ಬಂತು. ಸ್ಕ್ರಿಪ್ಟು ಓಡಿಸಿದೆ. ‘ಇವೆರಡೂ ಒಗ್ಗಲ್ಲ ಕಣವ್ವ, ಬುಟ್ಬುಡು’ ಎಂದು ನಿಂತಿತು. ನನಗೆ ಅಳು ತಡೆಯಲಾಗಲಿಲ್ಲ. ಆ ಸಾಲನ್ನು ತಿದ್ದಿದರೆ ಅವನ ರಿಪೋರ್ಟೇ ನಿಜವೆಂದು ನಾನೂ ಒಪ್ಪಿದ ಹಾಗೆ. ಮತ್ತೊಮ್ಮೆ ಓಡಿಸಿದೆ, ಅವನು ಬೈಯಲಿ ಎಂದೇ. ಬೈದ.

ಆಮೇಲೆ ‘ಒಗ್ಗುತ್ತೆ’ ಎಂದು ತಿದ್ದಿ ಓಡಿಸಿದೆ. ಸ್ಕ್ರಿಪ್ಟು ಒಂದು ಮಾತೂ ಆಡದೆ ಕೆಲಸ ಮುಗಿಸಿತು.